ಹಲಗೆಯ ಮೇಲೆ ಬರೆಯದೆ ಬಿಟ್ಟ ಹೆಸರು

ಮೇಷ್ಟರು ತರಗತಿಗೆ ಬರುವುದು ತಡವಾದಾಗ ಕ್ಲಾಸ್ ಲೀಡರ್ ಎದ್ದು ಹೋಗಿ, ಕರಿಹಲಗೆಯ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು, ಅದರ ಕೆಳಗೆ ಒಂದೊಂದೇ ಹೆಸರನ್ನು ಇಳಿಸುತ್ತಾ ಹೋಗುವುದು ನಮ್ಮ ರಾಜ್ಯದ ಶಾಲೆಗಳಲ್ಲಿ ಓದಿದವರೆಲ್ಲರಿಗೂ ಗೊತ್ತಿರುವ ದೃಶ್ಯ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು, ಇನ್ನೂ ಮಾತಾಡಿದರೆ ಇನ್ನೊಂದು. ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿರುವ ನಾನು ಆ ಪಟ್ಟಿಯಲ್ಲಿ ಇರುವ ಹೆಸರುಗಳಿಗಿಂತ ಇಲ್ಲದ ಹೆಸರುಗಳನ್ನೇ ಹೆಚ್ಚು ಗಮನಿಸುತ್ತಾ ಬಂದಿದ್ದೇನೆ. ಲೀಡರ್‌ನ ಪಕ್ಕ ಕೂರುವವನ ಹೆಸರು ಅಲ್ಲಿರುವುದು ತೀರಾ ಅಪರೂಪ. ಕೆಲವೊಮ್ಮೆ ಬರೆದು ಅಂಗೈಯಿಂದ ಉಜ್ಜಿದ ಬಿಳಿಯ ಮಸುಕು ಕಾಣಿಸುತ್ತದೆ. ಬರೆದ ಮೇಲೆ ಯಾರೋ ಕಣ್ಣು ಬಿಟ್ಟಿದ್ದಾರೆ, ಅಥವಾ ಬೇಡಿಕೊಂಡಿದ್ದಾರೆ ಎಂದು ತಿಳಿಯುತ್ತದೆ.

ಹದಿಹರೆಯದವರು ನಿಜವಾದ ನಾಯಕರಾಗಬಲ್ಲರೇ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಆ ಮಸುಕಿನಿಂದ. ಪ್ರತಿ ವರ್ಷ ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ನಾವು ಶಾಲಾ ಸಂಸತ್ತಿನ ಚುನಾವಣೆ ನಡೆಸುತ್ತೇವೆ. ನಾಮಪತ್ರ, ಪ್ರಚಾರ, ಮತಪೆಟ್ಟಿಗೆ, ಬೆರಳಿಗೆ ಶಾಯಿ ಎಲ್ಲವೂ ಇರುತ್ತದೆ. ಗೆದ್ದವರಿಗೆ ಸ್ವಚ್ಛತಾ ಮಂತ್ರಿ, ಆಹಾರ ಮಂತ್ರಿ, ಕ್ರೀಡಾ ಮಂತ್ರಿ ಎಂಬ ಖಾತೆಗಳನ್ನು ಹಂಚಿ, ಪ್ರಮಾಣವಚನ ಬೋಧಿಸಿ, ಎದೆಗೆ ಬ್ಯಾಡ್ಜು ಚುಚ್ಚುತ್ತೇವೆ. ಅಲ್ಲಿಂದ ಮುಂದೆ ವರ್ಷವಿಡೀ ಆ ಮಂತ್ರಿಗಳು ಮಾಡುವ ಕೆಲಸವೆಂದರೆ ಪ್ರಾರ್ಥನೆಯ ಸಾಲು ನೇರ ಮಾಡುವುದು ಮತ್ತು ಬಿಸಿಯೂಟದ ತಟ್ಟೆಗಳ ಮುಂದೆ ಗದ್ದಲವಾಗದಂತೆ ನೋಡಿಕೊಳ್ಳುವುದು. ಇದು ನಾಯಕತ್ವವಲ್ಲ, ಮೇಷ್ಟರ ಕೆಲಸದ ಒಂದು ತುಂಡು ಎಂದು ಗೊತ್ತಿದ್ದೂ ನಾವು ಅದನ್ನು ನಾಯಕತ್ವವೆಂದೇ ಕರೆಯುತ್ತೇವೆ.

ಇಂಗ್ಲಿಷಿನ ‘ಅಥೆಂಟಿಕ್ ಲೀಡರ್’ ಎಂಬುದಕ್ಕೆ ‘ಅಧಿಕೃತ’ ಎಂಬ ಪದ ಇಲ್ಲಿ ಹೊಂದುವುದಿಲ್ಲವಾದ್ದರಿಂದ ‘ನಿಜವಾದ ನಾಯಕ’ ಎಂದೇ ಹೇಳುತ್ತೇನೆ. ಒಳಗೊಂದು ಹೊರಗೊಂದು ಇಲ್ಲದ ಇಂಥ ನಾಯಕತ್ವದ ಬಗ್ಗೆ ಶಾಸ್ತ್ರೀಯವಾದ ಚರ್ಚೆ ಬಲವಾದದ್ದು ಈ ಶತಮಾನದ ಆರಂಭದಲ್ಲಿ, ಅಮೆರಿಕದ ನಿರ್ವಹಣಾ ಶಾಸ್ತ್ರದ ವಲಯದಲ್ಲಿ. 2001ರಲ್ಲಿ ಎನ್ರಾನ್ ಕಂಪನಿ ಲೆಕ್ಕಪತ್ರದ ಮೋಸದಿಂದ ಕುಸಿದು ಬಿದ್ದ ನಂತರದ ವರ್ಷಗಳಲ್ಲಿ, ಬುದ್ಧಿವಂತ ನಾಯಕರು ಬೇಕಾದಷ್ಟಿದ್ದಾರೆ, ನಂಬಬಹುದಾದವರು ಯಾರು ಎಂಬ ಆತಂಕ ಅಲ್ಲಿ ಹಬ್ಬಿತ್ತು. ಆ ಚರ್ಚೆ ಕಡೆಗೆ ನಾಲ್ಕು ಲಕ್ಷಣಗಳ ಮೇಲೆ ನಿಂತಿತು: ತನ್ನ ಬಲ ಮತ್ತು ದೌರ್ಬಲ್ಯಗಳ ಅರಿವು, ಜೊತೆಗಿರುವವರಿಂದ ತನ್ನನ್ನು ಬಚ್ಚಿಡದಿರುವುದು, ತನಗೆ ಒಗ್ಗದ ಅಭಿಪ್ರಾಯವನ್ನೂ ಕೇಳಿ ತೂಗಿ ನಿರ್ಧರಿಸುವುದು, ಹೊರಗಿನ ಒತ್ತಡಕ್ಕಲ್ಲದೆ ತನ್ನೊಳಗೆ ನೆಲೆಗೊಂಡ ನೀತಿಗೆ ತಕ್ಕಂತೆ ನಡೆಯುವುದು. ಇದನ್ನು ರೂಪಿಸಿದವರ ಕಣ್ಣ ಮುಂದೆ ಇದ್ದವರು ನಡುವಯಸ್ಸು ದಾಟಿದ, ಬದುಕಿನಲ್ಲಿ ಪೆಟ್ಟು ತಿಂದು ಮಾಗಿದ ಅಧಿಕಾರಿಗಳು. ಹದಿನೈದು ವರ್ಷದ ಹುಡುಗಿಯನ್ನು ಇದೇ ಅಳತೆಗೋಲಿನ ಪಕ್ಕ ನಿಲ್ಲಿಸಿದರೆ ನಾಲ್ಕನೆಯ ಲಕ್ಷಣದ ಬಳಿಯೇ ತೊಡಕು ಶುರುವಾಗುತ್ತದೆ. ಇನ್ನೂ ಕಟ್ಟಿ ಮುಗಿಯದ ಮನಸ್ಸಿನಲ್ಲಿ ನೀತಿ ಎಲ್ಲಿ ನೆಲೆಗೊಂಡಿರುತ್ತದೆ?

ಈ ಸಂದೇಹಕ್ಕೆ ಶಾಸ್ತ್ರದ ಬಲ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್. ಬಿ.ಇಡಿ. ಓದಿದ ನಮ್ಮೆಲ್ಲರಿಗೂ ಅವರು ಪರೀಕ್ಷೆಯ ಪ್ರಶ್ನೆಯಾಗಿ ಪರಿಚಿತರು. 1958ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕಾಗಿ ಅವರು 10ರಿಂದ 16 ವರ್ಷದೊಳಗಿನ 72 ಹುಡುಗರಿಗೆ ಕೆಲವು ಇಕ್ಕಟ್ಟಿನ ಕತೆಗಳನ್ನು ಹೇಳಿ, ಅವರ ಉತ್ತರಗಳನ್ನು ಬಿಡಿಸಿ ನೋಡಿದ್ದರು. ಸಾಯುತ್ತಿರುವ ಹೆಂಡತಿಯ ಔಷಧಕ್ಕೆ ಹಣ ಹೊಂದಿಸಲಾಗದ ಹೈಂಜ್ ಎಂಬಾತ ಅದನ್ನು ಕದಿಯಬಹುದೇ ಎಂಬ ಕತೆ ಅವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧ. ಕದಿಯಬಹುದು ಅಥವಾ ಕದಿಯಬಾರದು ಎಂಬ ಉತ್ತರ ಅವರಿಗೆ ಮುಖ್ಯವಾಗಿರಲಿಲ್ಲ, ಹುಡುಗ ಕೊಡುವ ಕಾರಣ ಮುಖ್ಯವಾಗಿತ್ತು. ಶಿಕ್ಷೆಯ ಭಯ, ಕೊಟ್ಟು ತೆಗೆದುಕೊಳ್ಳುವ ಲೆಕ್ಕ, ನಮ್ಮವರ ಕಣ್ಣಿನಲ್ಲಿ ಒಳ್ಳೆಯವನಾಗುವ ಆಸೆ, ಕಾನೂನು ಮತ್ತು ವ್ಯವಸ್ಥೆಯ ಗೌರವ, ಕಾನೂನಿಗೂ ಹಿಂದಿರುವ ಒಪ್ಪಂದದ ಅರಿವು, ಎಲ್ಲ ಮನುಷ್ಯರಿಗೂ ಸಲ್ಲುವ ತತ್ವ ಎಂದು ಆರು ಹಂತಗಳನ್ನು ಅವರು ಗುರುತಿಸಿದರು. ಪ್ರೌಢಶಾಲೆಯ ವಯಸ್ಸಿನವರು ಬಹುಮಟ್ಟಿಗೆ ಇರುವುದು ಮೂರನೆಯ ಹಂತದಲ್ಲಿ. ಅದೇ ಹುಡುಗರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ ಐದನೆಯ ಹಂತ ಮುಟ್ಟಿದವರು ಕೆಲವರೇ, ಅದೂ ವಯಸ್ಕರಾದ ಮೇಲೆ.

ಪಕ್ಕದ ಬೆಂಚಿನವನ ಹೆಸರನ್ನು ಹಲಗೆಯಿಂದ ಅಳಿಸುವ ಹುಡುಗ ಹಾಗಿದ್ದರೆ ತನ್ನ ವಯಸ್ಸಿಗೆ ತಕ್ಕಂತೆಯೇ ನಡೆದಿದ್ದಾನೆ. ಗೆಳೆಯರ ಒಪ್ಪಿಗೆಯೇ ಅವನ ನೀತಿ. ಗೆಳೆಯರ ಒಪ್ಪಿಗೆಗಾಗಿ ನಡೆಯುವವನನ್ನು ಹಿಂಬಾಲಕ ಎನ್ನಬೇಕೇ ಹೊರತು ನಾಯಕ ಎನ್ನುವುದು ಹೇಗೆ? ಬಹಳ ವರ್ಷ ನಾನು ಇಷ್ಟಕ್ಕೇ ನಿಂತಿದ್ದೆ. ‘ಇನ್ನೂ ಮಕ್ಕಳು, ದೊಡ್ಡವರಾದ ಮೇಲೆ ತಿಳಿಯುತ್ತದೆ’ ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದವರಲ್ಲಿ ನಾನೂ ಒಬ್ಬ.

ಆ ತೀರ್ಮಾನವನ್ನು ಅಲುಗಾಡಿಸಿದವಳು ಬಾರ್ಬರಾ ಜಾನ್ಸ್. ನಾಗರಿಕ ಹಕ್ಕುಗಳ ಚಳವಳಿಯ ಪಾಠಕ್ಕೆ ತಯಾರಿ ಮಾಡಿಕೊಳ್ಳುವಾಗ ನನಗೆ ಸಿಕ್ಕ ಹೆಸರು ಅದು. ಅಮೆರಿಕದ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಎಂಬ ಚಿಕ್ಕ ಪಟ್ಟಣದಲ್ಲಿ ಕಪ್ಪು ಜನರ ಮಕ್ಕಳಿಗೆಂದೇ ಇದ್ದ ಮೋಟನ್ ಪ್ರೌಢಶಾಲೆಯಲ್ಲಿ ಆಕೆ ಓದುತ್ತಿದ್ದಳು. ಸುಮಾರು 180 ಮಕ್ಕಳಿಗಾಗಿ ಕಟ್ಟಿದ ಆ ಶಾಲೆಯಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಜಾಗ ಸಾಲದೆ ಅಂಗಳದಲ್ಲಿ ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊದಿಸಿ ಎಬ್ಬಿಸಿದ ಶೆಡ್ಡುಗಳಲ್ಲಿ ತರಗತಿಗಳು ನಡೆಯುತ್ತಿದ್ದವು. ಮಳೆ ಬಂದರೆ ಸೋರುತ್ತಿತ್ತು, ಚಳಿಗಾಲದಲ್ಲಿ ಒಲೆಯ ಹತ್ತಿರ ಕೂತವರಿಗೆ ಸೆಕೆ, ದೂರ ಕೂತವರು ಕೋಟು ಬಿಚ್ಚುವಂತಿರಲಿಲ್ಲ. ಬಿಳಿಯರ ಮಕ್ಕಳ ಶಾಲೆಯಲ್ಲಿ ಎಲ್ಲ ಸೌಕರ್ಯವೂ ಇತ್ತು. ಸಂಗೀತದ ಮೇಡಂ ಬಳಿ ಬಾರ್ಬರಾ ಇದನ್ನು ಹೇಳಿಕೊಂಡು ಬೇಸರಪಟ್ಟಾಗ, ನೀನೇ ಏನಾದರೂ ಯಾಕೆ ಮಾಡಬಾರದು ಎಂದು ಅವರು ಕೇಳಿದ್ದರಂತೆ. ಮೇಷ್ಟರುಗಳಾದ ನಾವು ದಿನಕ್ಕೆ ಹತ್ತು ಸಲ ಯೋಚಿಸದೆ ಆಡುವಂಥ ಮಾತು ಅದು. ಆಕೆ ಅದನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು, ನಂಬಿಕಸ್ತ ಸಹಪಾಠಿಗಳ ಸಣ್ಣ ಗುಂಪು ಕಟ್ಟಿ, ಗುಟ್ಟಾಗಿ ಯೋಜನೆ ಮಾಡಿದಳು.

1951ರ ಏಪ್ರಿಲ್ 23ರಂದು ಆಕೆಗೆ ಹದಿನಾರು ವರ್ಷ. ನಿಮ್ಮ ವಿದ್ಯಾರ್ಥಿಗಳು ಪೇಟೆಯಲ್ಲಿ ತೊಂದರೆಗೆ ಸಿಕ್ಕಿಕೊಂಡಿದ್ದಾರೆ ಎಂಬ ಸುಳ್ಳು ಫೋನ್ ಕರೆ ಮಾಡಿಸಿ ಮುಖ್ಯೋಪಾಧ್ಯಾಯರನ್ನು ಶಾಲೆಯಿಂದ ಹೊರಗೆ ಕಳಿಸಲಾಯಿತು. ಅವರದೇ ಹೆಸರಿನಲ್ಲಿ ಚೀಟಿ ಬರೆದು ಎಲ್ಲ ತರಗತಿಗಳನ್ನೂ ಸಭಾಂಗಣಕ್ಕೆ ಕರೆಸಲಾಯಿತು. ಪರದೆ ಸರಿದಾಗ ವೇದಿಕೆಯ ಮೇಲೆ ಇದ್ದವಳು ಬಾರ್ಬರಾ. ಶಿಕ್ಷಕರನ್ನು ಹೊರಗೆ ಹೋಗುವಂತೆ ಕೇಳಿಕೊಂಡಳು, ಮುಷ್ಕರದ ಹೊಣೆ ಅವರ ತಲೆಗೆ ಬರಬಾರದೆಂಬುದು ಅದರ ಹಿಂದಿನ ಕಾಳಜಿ. ಆ ದಿನ ಶಾಲೆಗೆ ಶಾಲೆಯೇ ಹೊರಗೆ ನಡೆಯಿತು. ಅವರು ಮೊದಲು ಕೇಳಿದ್ದು ಒಂದು ಒಳ್ಳೆಯ ಕಟ್ಟಡವನ್ನು ಮಾತ್ರ. ಸಹಾಯಕ್ಕೆ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಪ್ರತ್ಯೇಕ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಮಾತ್ರ ಮೊಕದ್ದಮೆ ಹೂಡುವುದಾಗಿ ಹೇಳಿದರು. ಮಕ್ಕಳೂ ಅವರ ಹೆತ್ತವರೂ ಒಪ್ಪಿದರು. ಆ ಮೊಕದ್ದಮೆ ಬೇರೆ ನಾಲ್ಕರ ಜೊತೆ ಸೇರಿ 1954ರಲ್ಲಿ, ಸಾರ್ವಜನಿಕ ಶಾಲೆಗಳಲ್ಲಿ ಬಣ್ಣದ ಆಧಾರದ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಬ್ರೌನ್ ಪ್ರಕರಣದ ತೀರ್ಪಾಯಿತು.

ಆಕೆಯ ಸಾಹಸವನ್ನು ಹೊಗಳಿ ಮುಂದೆ ಸಾಗಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ನನ್ನ ಪ್ರಶ್ನೆ ಇರುವುದು ಅದರ ಒಳಗಿನ ಗಂಟುಗಳಲ್ಲಿ. ಪಾರದರ್ಶಕತೆ ನಿಜವಾದ ನಾಯಕತ್ವದ ಲಕ್ಷಣವಾದರೆ, ಸುಳ್ಳು ಕರೆ ಮತ್ತು ಸುಳ್ಳು ಚೀಟಿಯಿಂದ ಆರಂಭವಾದ ಈ ನಾಯಕತ್ವವನ್ನು ಏನೆನ್ನಬೇಕು? ಮಕ್ಕಳ ಪರವಾಗಿ ಹೊಸ ಕಟ್ಟಡಕ್ಕಾಗಿ ಅಧಿಕಾರಿಗಳಲ್ಲಿ ಅಲೆದಿದ್ದ ಆ ಮುಖ್ಯೋಪಾಧ್ಯಾಯರನ್ನು ಮರುವರ್ಷ ಕೆಲಸದಲ್ಲಿ ಮುಂದುವರಿಸಲಿಲ್ಲ. ಪ್ರತ್ಯೇಕತೆಯನ್ನು ಬಿಡಲೊಪ್ಪದ ಅಲ್ಲಿನ ಆಡಳಿತ 1959ರಿಂದ 1964ರವರೆಗೆ ಐದು ವರ್ಷ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಎಷ್ಟೋ ಮಕ್ಕಳ ಓದು ಅಲ್ಲಿಗೇ ನಿಂತಿತು. ಹದಿನಾರರ ಹುಡುಗಿ ಇದನ್ನೆಲ್ಲ ಮುಂಗಂಡಿರಲು ಸಾಧ್ಯವಿಲ್ಲ. ಆಕೆಗಿಂತ ಮೂರು ಪಟ್ಟು ವಯಸ್ಸಾದವರೂ ಮುಂಗಂಡಿರಲಿಲ್ಲ. ನಾನು ಗಮನಿಸುವುದು ಬೇರೆಯದನ್ನು. ಆಕೆ ಸುಳ್ಳು ಹೇಳಿದ್ದು ತನ್ನ ಮೇಲೆ ಅಧಿಕಾರವಿದ್ದವರಿಗೆ, ಅದೂ ಅವರನ್ನು ಹೊಣೆಯಿಂದ ದೂರವಿಡಲು. ತನ್ನ ಹಿಂದೆ ಬಂದವರಿಗೆ ಆಕೆ ಸುಳ್ಳು ಹೇಳಲಿಲ್ಲ, ಅವರ ಹಿಂದೆ ಅಡಗಲೂ ಇಲ್ಲ. ಮನೆಯವರು ಅಪಾಯಕ್ಕೆ ಹೆದರಿ ಆಕೆಯನ್ನು ದೂರದ ಮಾಂಟ್‌ಗೊಮೆರಿಯಲ್ಲಿದ್ದ ತಂದೆಯ ಸಹೋದರನ ಮನೆಗೆ ಕಳಿಸಬೇಕಾಯಿತು. ಮುಂದೆ ಆಕೆ ಗ್ರಂಥಪಾಲಕಿಯಾಗಿ ಸದ್ದಿಲ್ಲದೆ ಬದುಕಿ 1991ರಲ್ಲಿ ತೀರಿಕೊಂಡಳು.

ಹೈಂಜ್‌ನ ಕತೆ ಹೇಳಿದ್ದರೆ ಆಕೆ ಯಾವ ಹಂತದ ಉತ್ತರ ಕೊಡುತ್ತಿದ್ದಳೋ. ಕೋಲ್‌ಬರ್ಗ್ ಮಾತಾಡಿಸಿದವರಲ್ಲಿ ಹುಡುಗಿಯರು ಇರಲೇ ಇಲ್ಲ ಎಂಬುದನ್ನು ಅವರ ಸಹೋದ್ಯೋಗಿಯಾಗಿದ್ದ ಕ್ಯಾರಲ್ ಗಿಲಿಗನ್ 1982ರಲ್ಲಿ ಗಟ್ಟಿಯಾಗಿ ಎತ್ತಿ ತೋರಿಸಿದರು. ಆ ವಾದ ಇನ್ನೊಂದು ಬರಹಕ್ಕಿರಲಿ.

ಇಷ್ಟೆಲ್ಲ ಓದಿದ್ದರೂ ನನ್ನ ಎದುರಿಗೇ ಅಂಥದೊಂದು ಬಂದಾಗ ನಾನು ಗುರುತಿಸದೆ ಹೋದೆ. ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯ ಗಣಿತ ಪ್ರಶ್ನೆಪತ್ರಿಕೆಯ ಫೋಟೊ ಹಿಂದಿನ ರಾತ್ರಿಯೇ ಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿತ್ತು. ಪರೀಕ್ಷೆ ಮುಗಿದ ಮರುದಿನ ನಮಗೆ ಗೊತ್ತಾಯಿತು. ಫೋಟೊ ತೆಗೆದವರು ಯಾರೆಂದು ವಿದ್ಯಾರ್ಥಿ ನಾಯಕನಿಗೆ ಗೊತ್ತಿದೆ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ನಾನು ಅವನನ್ನು ಸ್ಟಾಫ್ ರೂಮಿಗೆ ಕರೆಸಿ ಹೆಸರು ಕೇಳಿದೆ. ಹೇಳಲಿಲ್ಲ. ಬ್ಯಾಡ್ಜು ಕಿತ್ತುಕೊಳ್ಳುವುದಾಗಿ ಹೇಳಿದೆ. ಅಪ್ಪನನ್ನು ಕರೆಸಿ ಟಿ.ಸಿ. ಕೊಟ್ಟು ಕಳಿಸುವುದಾಗಿಯೂ ಹೇಳಿದೆ. ಅವನ ಅಪ್ಪ ದಿನಗೂಲಿಯವರು, ಒಂದು ದಿನ ಶಾಲೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಈ ಮಾತಿಗಾಗಿ ನಾನು ಇಂದಿಗೂ ಪಶ್ಚಾತ್ತಾಪಪಡುತ್ತೇನೆ.

ಎರಡು ದಿನ ಅವನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಮೊದಲ ಪೀರಿಯಡ್ಡಿಗೆ ನಾನು ಒಳಗೆ ಬಂದಾಗ, ಹಲಗೆಯ ಮುಂದೆ ನಿಂತು ತರಗತಿಗೆ ಏನೋ ಹೇಳುತ್ತಿದ್ದವನು ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ. “ನಾನೂ ಆ ಫೋಟೊ ನೋಡಿದೀನಿ. ನೋಡಿಯೇ ಬರೆದೆ. ನಾನು ಇವತ್ತು ಸರ್ ಹತ್ರ ಹೇಳಿ ಪರೀಕ್ಷೆ ಮತ್ತೆ ಬರೀತೀನಿ. ನೋಡಿದವರು ಬರೋದಾದ್ರೆ ಬನ್ನಿ, ಯಾರ ಹೆಸರನ್ನೂ ನಾನು ಹೇಳಲ್ಲ” ಎಂದ. ಅಂದು ಸಂಜೆ ಅವನ ಜೊತೆ ಹದಿಮೂರು ಮಂದಿ ಉಳಿದು ಬೇರೆ ಪ್ರಶ್ನೆಪತ್ರಿಕೆಗೆ ಉತ್ತರ ಬರೆದರು. ಅವರಲ್ಲಿ ಫೋಟೊ ತೆಗೆದವನೂ ಇದ್ದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಆಮೇಲೆ ಒಬ್ಬನೇ ಸಿಕ್ಕಾಗ ಕೇಳಿದೆ. ಸತ್ಯ, ನ್ಯಾಯ ಎಂಬ ಯಾವ ದೊಡ್ಡ ಪದವನ್ನೂ ಅವನು ಆಡಲಿಲ್ಲ. “ಬ್ಯಾಡ್ಜ್ ಹಾಕ್ಕೊಂಡು ನಿಲ್ಲೋಕೆ ನಾಚಿಕೆ ಆಗ್ತಿತ್ತು ಸರ್” ಎಂದಷ್ಟೇ ಹೇಳಿದ.

ನಾಚಿಕೆ. ಕೋಲ್‌ಬರ್ಗ್‌ರ ಪಟ್ಟಿಯಲ್ಲಿ ಹುಡುಕಿದರೆ ಇದು ಮೂರನೆಯ ಹಂತಕ್ಕೇ ಸಲ್ಲುವ ಉತ್ತರ. ಆದರೆ ಗೆಳೆಯರ ಒಪ್ಪಿಗೆ ಅವನನ್ನು ಸುಮ್ಮನಿರು ಎನ್ನುತ್ತಿತ್ತು, ಮೇಷ್ಟರ ಅಧಿಕಾರ ಹೆಸರು ಹೇಳು ಎನ್ನುತ್ತಿತ್ತು. ಅವನು ಎರಡನ್ನೂ ಬಿಟ್ಟು, ಯಾರೂ ತೋರಿಸಿಕೊಡದ ಮೂರನೆಯ ದಾರಿಯನ್ನು ತಾನೇ ಕಂಡುಕೊಂಡು, ಅದರ ಮೇಲೆ ಮೊದಲು ತಾನು ಕಾಲಿಟ್ಟ. ಕಾರಣ ಹೇಳುವ ನಾಲಿಗೆಯ ವಯಸ್ಸೂ ನಡೆಯುವ ಕಾಲಿನ ವಯಸ್ಸೂ ಒಂದೇ ಇರಬೇಕಿಲ್ಲ ಎಂದು ನನಗೆ ಅರ್ಥವಾದದ್ದು ಅವನಿಂದ.

ಇದು ನನ್ನೊಬ್ಬನ ಭಾವನೆಯಲ್ಲ ಎಂದು ಧೈರ್ಯ ಬಂದದ್ದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದಿದಾಗ. ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡನ್ ಎಂಬ ಬಡ ನಗರದಲ್ಲಿ, ಪರರಿಗಾಗಿ ದುಡಿಯುವುದರಲ್ಲಿ ಎದ್ದು ಕಾಣುತ್ತಿದ್ದ ಹದಿಹರೆಯದ 15 ಮಂದಿಯನ್ನು ಡೇನಿಯಲ್ ಹಾರ್ಟ್ ಮತ್ತು ಸುಜಾನ್ ಫೆಗ್ಲಿ ಅವರು ಅದೇ ಹಿನ್ನೆಲೆಯ ಬೇರೆ ಹುಡುಗ ಹುಡುಗಿಯರೊಂದಿಗೆ ಹೋಲಿಸಿ ನೋಡಿದ್ದರು. ನೈತಿಕ ತೀರ್ಮಾನದ ಹಂತದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸವಿದ್ದದ್ದು ತಾನು ಯಾರು ಎಂಬ ವಿವರಣೆಯಲ್ಲಿ. ಆ ಹದಿನೈದು ಮಂದಿ ತಮ್ಮನ್ನು ವಿವರಿಸಿಕೊಳ್ಳುವಾಗ ನೀತಿಗೆ ಸಂಬಂಧಿಸಿದ ಗುಣಗಳನ್ನು ಹೆಚ್ಚಾಗಿ ಹೇಳುತ್ತಿದ್ದರು. ತಮ್ಮ ಆದರ್ಶಗಳನ್ನೂ ಹೆತ್ತವರು ತಮ್ಮಲ್ಲಿ ಕಂಡದ್ದನ್ನೂ ತಮ್ಮ ವ್ಯಕ್ತಿತ್ವದೊಳಗೆ ಸೇರಿಸಿಕೊಂಡಿದ್ದರು. ನೀತಿಯನ್ನು ಅವರು ಬೇರೆಯವರಿಗಿಂತ ಚೆನ್ನಾಗಿ ವಾದಿಸುತ್ತಿರಲಿಲ್ಲ, ಅದನ್ನು ತಮ್ಮದಾಗಿಸಿಕೊಂಡಿದ್ದರು. ಹಾಗಾಗಿ ಹದಿಹರೆಯದವರು ನಿಜವಾದ ನಾಯಕರಾಗಬಲ್ಲರೇ ಎಂದರೆ ಆಗಬಲ್ಲರು ಎಂದೇ ನಾನೀಗ ಹೇಳುತ್ತೇನೆ. ಎಲ್ಲ ವಿಷಯಗಳಲ್ಲೂ ಅಲ್ಲ, ಎಲ್ಲ ಹೊತ್ತಿನಲ್ಲೂ ಅಲ್ಲ. ಅವರು ಬದುಕಿ ಕಂಡ, ಅವರ ಮೈಗೆ ತಗುಲಿದ ಒಂದು ವಿಷಯದಲ್ಲಿ, ಅದರ ಬೆಲೆಯನ್ನು ಮೊದಲು ತಾವೇ ತೆರಲು ಸಿದ್ಧರಿದ್ದಾಗ.

ಈ ಮಾತಿಗೆ ಮಿತಿಯಿದೆ. ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿಹರೆಯದವರು ಕಂಪ್ಯೂಟರಿನ ಮೇಲೆ ವಾಹನ ಓಡಿಸುವ ಆಟ ಆಡುವಾಗ, ಒಬ್ಬರೇ ಇದ್ದಾಗಿನದಕ್ಕಿಂತ ಗೆಳೆಯರು ಪಕ್ಕದಲ್ಲಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು. ವಯಸ್ಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಗುಂಪಿನ ಮುಂದೆ ನಿಂತ ಹುಡುಗನ ಧೈರ್ಯದಲ್ಲಿ ಅವನದೆಷ್ಟು, ನೋಡುತ್ತಿರುವ ಕಣ್ಣುಗಳದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಅದಕ್ಕಿಂತ ನನ್ನನ್ನು ಹೆಚ್ಚು ಹೆದರಿಸುವುದು ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ವಿವರಿಸಿದ ಒಂದು ಸ್ಥಿತಿ: ಹುಡುಕಾಟವನ್ನೇ ನಡೆಸದೆ, ಮನೆಯವರೋ ಹಿರಿಯರೋ ಕೊಟ್ಟ ನಂಬಿಕೆಯನ್ನು ಹಾಗೇ ತೊಟ್ಟುಕೊಂಡು ಅದಕ್ಕೆ ಗಟ್ಟಿಯಾಗಿ ಬದ್ಧವಾಗಿಬಿಡುವುದು. ಹೊರಗಿನಿಂದ ನೋಡಿದರೆ ಅಂಥ ಹುಡುಗ ಎಲ್ಲರಿಗಿಂತ ದೃಢ, ಎಲ್ಲರಿಗಿಂತ ಪ್ರಾಮಾಣಿಕ. ಅವನ ಕಣ್ಣಿನಲ್ಲಿ ಸುಳ್ಳಿಲ್ಲ. ಆದರೆ ಅವನ ಬಾಯಲ್ಲಿರುವ ಘೋಷಣೆಯನ್ನು ಬರೆದವರು ಬೇರೆ ಎಲ್ಲೋ ನೆರಳಿನಲ್ಲಿ ಕೂತಿರುತ್ತಾರೆ. ಪ್ರಾಮಾಣಿಕತೆ ಒಂದೇ ಸಾಕೆಂದರೆ ಮಕ್ಕಳನ್ನು ದ್ವೇಷದ ಮುಂಚೂಣಿಯಲ್ಲಿ ನಿಲ್ಲಿಸುವವರಿಗೂ ನಾವು ಉತ್ತರ ಕೊಡಲಾರೆವು. ತನಗೆ ಒಗ್ಗದ ಮಾತನ್ನು ಕೇಳಿ ತೂಗುವುದು ಎಂಬ ಮೂರನೆಯ ಲಕ್ಷಣ ಇಲ್ಲಿ ಉಳಿದ ಮೂರಕ್ಕಿಂತ ಮುಖ್ಯ.

ದೊಡ್ಡವರು ಮಕ್ಕಳನ್ನು ಮುಂದೆ ನಿಲ್ಲಿಸಿದ ಒಂದು ಪ್ರಸಂಗ ನಮ್ಮ ಇತಿಹಾಸದಲ್ಲೂ ಇದೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ತನ್ನದೇ ಸರ್ಕಾರ ಘೋಷಿಸಿಕೊಂಡಾಗ, ಜಯಣ್ಣ ಎಂಬ ಹುಡುಗನನ್ನು ಅಮಲ್ದಾರನೆಂದೂ ಮಲ್ಲಪ್ಪ ಎಂಬ ಹುಡುಗನನ್ನು ಸಬ್ ಇನ್ಸ್‌ಪೆಕ್ಟರ್ ಎಂದೂ ನೇಮಿಸಿಕೊಂಡಿತ್ತು. ಚಿಕ್ಕವರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ ಅದರ ಹಿಂದಿತ್ತು ಎನ್ನುತ್ತಾರೆ. ಆ ಊರಿನ ತ್ಯಾಗಕ್ಕೆ ನಾನು ತಲೆಬಾಗುತ್ತೇನೆ; 1943ರಲ್ಲಿ ಅಲ್ಲಿನ ಐವರು ಗಲ್ಲಿಗೇರಿದರು. ಆದರೂ ಈ ಪಾಠ ಮಾಡುವಾಗಲೆಲ್ಲ, ಆ ಇಬ್ಬರು ಹುಡುಗರನ್ನು ಯಾರಾದರೂ ‘ನಿಮಗೆ ಏನನ್ನಿಸುತ್ತದೆ’ ಎಂದು ಕೇಳಿದ್ದರೇ ಎಂದು ನನಗನ್ನಿಸುತ್ತದೆ.

ಕೇಳುವುದನ್ನೇ ಪದ್ಧತಿಯಾಗಿಸಲು ಕೋಲ್‌ಬರ್ಗ್ ಕೂಡ ಯತ್ನಿಸಿದ್ದರು ಎಂಬುದು ನಮ್ಮ ಬಿ.ಇಡಿ. ಪಠ್ಯದಲ್ಲಿ ಇರಲಿಲ್ಲ. 1974ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅವರ ನೆರವಿನೊಂದಿಗೆ ಆರಂಭವಾದ ಕ್ಲಸ್ಟರ್ ಶಾಲೆಯಲ್ಲಿ ನಿಯಮಗಳನ್ನು ಸಭೆಯಲ್ಲಿ ಚರ್ಚಿಸಿ ಮಾಡುತ್ತಿದ್ದರು. ಮೇಷ್ಟರಿಗೂ ಒಂದೇ ಮತ, ವಿದ್ಯಾರ್ಥಿಗೂ ಒಂದೇ ಮತ. ಒಬ್ಬ ವಿದ್ಯಾರ್ಥಿನಿಯ ಹಣ ಕಳುವಾದಾಗ ಕಳ್ಳನನ್ನು ಹುಡುಕುವುದಕ್ಕಿಂತ ಮೊದಲು, ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಅವಳ ನಷ್ಟ ತುಂಬಿಕೊಡುವ ಮಾತು ಅಲ್ಲಿ ಮಕ್ಕಳಿಂದಲೇ ಬಂತು. ಓದಿದಾಗ ಸಂಜೆ ಉಳಿದು ಪರೀಕ್ಷೆ ಬರೆದ ಆ ಹದಿನಾಲ್ಕು ಮಂದಿ ನೆನಪಾದರು. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಮಕ್ಕಳ ಗ್ರಾಮಸಭೆ. 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ಕಟ್ಟಿಕೊಂಡ ಭೀಮ ಸಂಘ, ಅದರ ಬೆನ್ನಿಗೆ ಕುಂದಾಪುರದ ಕಡೆ ನಡೆದ ಮಕ್ಕಳ ಪಂಚಾಯಿತಿಗಳು, ಇವುಗಳ ಅನುಭವ ಇಂದಿನ ಗ್ರಾಮಸಭೆಗಳ ಹಿಂದಿದೆ. ಎಷ್ಟೋ ಕಡೆ ಅದು ಸ್ವಾಗತ ಭಾಷಣ ಮತ್ತು ಫೋಟೊದಲ್ಲಿ ಮುಗಿಯುತ್ತದೆ. ಕೆಲವು ಕಡೆ ಮುಗಿಯುವುದಿಲ್ಲ.

ಕಳೆದ ವರ್ಷ ನಮ್ಮ ಗ್ರಾಮ ಪಂಚಾಯಿತಿಯ ಸಭೆಯಲ್ಲಿ ನಮ್ಮ ಶಾಲೆಯ ಪರವಾಗಿ ಮಾತಾಡಿದವಳು ಒಂಬತ್ತನೆಯ ತರಗತಿಯ ಹುಡುಗಿ. ಶೌಚಾಲಯಕ್ಕೆ ನೀರಿನ ಸಂಪರ್ಕ ಬೇಕು ಎಂಬುದು ಮೊದಲನೆಯ ಬೇಡಿಕೆ, ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು ಎಂಬುದು ಎರಡನೆಯದು. ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನದ ಗೇಟಿಗೆ ಬೀಗ ಹಾಕಿ ಹೊರಗಿನವರು ಬರದಂತೆ ಮಾಡಬೇಕು ಎಂಬ ಮೂರನೆಯದನ್ನು ಓದಿ, ಕಾಗದದಿಂದ ತಲೆ ಎತ್ತಿ ಹೇಳಿದಳು: “ಇದು ನಮ್ಮ ಕ್ಲಾಸಿನ ಹೆಚ್ಚಿನವರು ಹೇಳಿದ್ದು, ಅದಕ್ಕೆ ಓದಿದೆ. ನಾನು ಒಪ್ಪಿಲ್ಲ. ಶಾಲೆ ಬಿಟ್ಟ ಅಣ್ಣಂದಿರಿಗೆ ಆಡೋಕೆ ಊರಲ್ಲಿ ಬೇರೆ ಜಾಗ ಇಲ್ಲ. ಬೀಗ ಹಾಕೋ ಮುಂಚೆ ಅವರನ್ನೂ ಕರೆದು ಕೇಳಿ ಸರ್.” ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಸಹಪಾಠಿಗಳು ಗುಜುಗುಜು ಎಂದರು. ಅವಳ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಪಿಡಿಒ ಒಂದು ಕ್ಷಣ ಪೆನ್ನು ನಿಲ್ಲಿಸಿ, ಆಮೇಲೆ ಎರಡನ್ನೂ ಬರೆದುಕೊಂಡರು.

ಶೌಚಾಲಯಕ್ಕೆ ಫೆಬ್ರುವರಿಯಲ್ಲಿ ನಲ್ಲಿ ಬಂತು. ಕಾಲುಸಂಕ ಇನ್ನೂ ಆಗಬೇಕಿದೆ. ಗೇಟಿಗೆ ಬೀಗ ಬಿದ್ದಿಲ್ಲ. ಸಂಜೆ ಐದರವರೆಗೆ ಶಾಲೆಯ ಮಕ್ಕಳು, ಆಮೇಲೆ ಊರಿನ ಹುಡುಗರು ಎಂದು ಅವರವರೇ ಮಾತಾಡಿಕೊಂಡಿದ್ದಾರೆ.